ಕೀಮೋ ನಡುವಿನ ದಿನಗಳ ತೊಂದರೆ ಆಸ್ಪತ್ರೆಗೆ ತಿಳಿಸುವುದು ಹೇಗೆ? ಆ್ಯಪ್, ವಾಟ್ಸಾಪ್, ಫೋನು, ಕ್ಯಾಲೆಂಡರು: ಯಾರ ಮನೆಗೆ ಯಾವುದು

ನಮ್ಮ ಚಿಕ್ಕಮ್ಮನ ಊರು ಪಾಂಡವಪುರದ ಹತ್ತಿರ. ಚಿಕಿತ್ಸೆ ಮೈಸೂರಿನಲ್ಲಿ. ಕ್ಯಾನ್ಸರಿಗೆ 21 ದಿನಕ್ಕೊಂದು ಕೀಮೋ. ಮೂರನೇ ಸೈಕಲ್ಲಿಗೆ, ಅಂದರೆ ಮೂರನೇ ಸಲದ ಕೀಮೋಗೆ, ಕರೆದುಕೊಂಡು ಹೋದಾಗ ಡಾಕ್ಟರು ಕಂಪ್ಯೂಟರಿನಿಂದ ತಲೆ ಎತ್ತಿ, 'ಹೇಗಿದ್ದೀರಮ್ಮ?' ಎಂದು ಕೇಳಿದರು.

'ಏನಿಲ್ಲ ಬುಡಿ ಸಾ, ಚೆನ್ನಾಗಿವ್ನಿ' ಅಂದರು ಚಿಕ್ಕಮ್ಮ.

ಹದಿನೈದು ದಿನದ ಹಿಂದೆ ನಾಲ್ಕು ದಿನ ಅವರ ಹೊಟ್ಟೆಗೆ ಗಂಜಿ ಬಿಟ್ಟು ಬೇರೇನೂ ಇಳಿದಿರಲಿಲ್ಲ. ಬಾಯಿ ತುಂಬ ಹುಣ್ಣು. ರಾತ್ರಿ ಎರಡು ಸಲ ತಲೆ ಸುತ್ತಿ ಗೋಡೆ ಹಿಡಿದು ನಿಂತಿದ್ದರು. ಹೊರಗೆ ಬಂದು 'ಯಾಕೆ ಹೇಳಲಿಲ್ಲ?' ಎಂದು ಕೇಳಿದೆ. 'ಅಷ್ಟು ಜನ ಕಾಯ್ತಾವ್ರೆ, ನಂದೇನು ದೊಡ್ಡದು? ಅದೂ ಅಲ್ದೆ ಇವತ್ತು ಚೆನ್ನಾಗೇ ಇವ್ನಲ್ಲ' ಅಂದರು.

ಆ ಮಾತು ಸುಳ್ಳಲ್ಲ. ಅವತ್ತು ಚೆನ್ನಾಗಿಯೇ ಇದ್ದರು. ಕೀಮೋ ಲೆಕ್ಕವೇ ಹಾಗೆ. ಮುಂದಿನ ಡೋಸಿಗೆ ಹೋಗುವ ಹೊತ್ತಿಗೆ ಮೈ ಸುಧಾರಿಸಿಕೊಂಡಿರುತ್ತದೆ, ರಕ್ತಕಣಗಳ ಕೌಂಟು ಏರಿರುತ್ತದೆ. ಕಷ್ಟದ ದಿನಗಳೆಲ್ಲ ಮನೆಯಲ್ಲೇ ಕಳೆದಿರುತ್ತವೆ. 21 ದಿನದಲ್ಲಿ ಡಾಕ್ಟರು ನೋಡುವುದು ಒಂದೇ ದಿನ, ಅದೂ ಇದ್ದುದರಲ್ಲಿ ಒಳ್ಳೆಯ ದಿನ. ಉಳಿದ 20 ದಿನದ ಸುದ್ದಿ ಅವರಿಗೆ ಮುಟ್ಟಿಸುವುದು ಹೇಗೆ?

ಇದಕ್ಕೆ ಈಗ ದಾರಿಗಳು ಜಾಸ್ತಿಯಾಗಿವೆ. ಕೆಲವು ಆಸ್ಪತ್ರೆಗಳು ಆ್ಯಪ್ ಕೊಡುತ್ತವೆ. ಕೆಲವು ಕಡೆ ಮೊಬೈಲಿಗೆ ಲಿಂಕ್ ಬರುತ್ತದೆ. ಕೆಲವು ಕಡೆ 'ಏನಾದ್ರೂ ಇದ್ರೆ ಈ ನಂಬರಿಗೆ ವಾಟ್ಸಾಪ್ ಮಾಡಿ' ಅನ್ನುತ್ತಾರೆ. ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ನಾನು ಡಾಕ್ಟರಲ್ಲ. ಎರಡು ವರ್ಷ ರೋಗಿಯ ಜೊತೆ ಓಡಾಡಿದವನು, ಅಷ್ಟೇ.

ತಿಳಿಸಿದರೆ ನಿಜಕ್ಕೂ ಏನಾದರೂ ಬದಲಾಗುತ್ತದಾ?

ಈ ಪ್ರಶ್ನೆಗೆ ಉತ್ತರ ಸಿಗದೆ ಯಾರೂ ವಾರವಾರ ಫಾರಂ ತುಂಬುವುದಿಲ್ಲ. ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ.

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಡಾ. ಈಥನ್ ಬಾಶ್ ತಂಡ 766 ರೋಗಿಗಳ ಮೇಲೆ ಒಂದು ಅಧ್ಯಯನ ಮಾಡಿತು. ಎಲ್ಲರದ್ದೂ ಬೇರೆ ಅಂಗಗಳಿಗೆ ಹರಡಿದ ಕ್ಯಾನ್ಸರು, ಎಲ್ಲರಿಗೂ ಕೀಮೋ ನಡೆಯುತ್ತಿತ್ತು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದು ಗುಂಪು ಅದರ ಜೊತೆಗೆ ವಾಂತಿ, ನೋವು, ಸುಸ್ತು, ಏದುಸಿರು ಹೀಗೆ 12 ತೊಂದರೆಗಳ ಬಗ್ಗೆ ಕಂಪ್ಯೂಟರಿನಲ್ಲಿ ತಾವೇ ಉತ್ತರ ಕೊಡಬೇಕು. ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ. ಅಂಕ ತೀರಾ ಏರಿದರೆ ಅಥವಾ ಹಿಂದಿನದಕ್ಕಿಂತ ತಟ್ಟನೆ ಹೆಚ್ಚಾದರೆ ನರ್ಸಿಗೆ ಇಮೇಲ್ ಹೋಗುತ್ತಿತ್ತು.

2017ರಲ್ಲಿ ಬಂದ ಫಲಿತಾಂಶ ಹೀಗಿತ್ತು. ಸುಮಾರಾಗಿ ಬದುಕಿದ ಅವಧಿ ಮಾಮೂಲಿ ಗುಂಪಿನಲ್ಲಿ 26 ತಿಂಗಳು, ತಿಳಿಸುತ್ತಿದ್ದ ಗುಂಪಿನಲ್ಲಿ 31.2 ತಿಂಗಳು. ಹೊಸ ಔಷಧ ಒಂದೂ ಇಲ್ಲ. ಕೇಳಿದರು, ಹೇಳಿದರು, ಸಿಸ್ಟರ್ ಫೋನು ಮಾಡಿದರು, ಅಷ್ಟೇ.

ಈ ಅಧ್ಯಯನದ ಎರಡು ವಿಷಯ ನಮ್ಮ ಕಡೆಯವರು ತಿಳಿದಿರಬೇಕು. ಮೊದಲನೆಯದು, 'ತೊಂದರೆ ಹೇಳಿದರೆ ಕೀಮೋ ನಿಲ್ಲಿಸಿಬಿಡ್ತಾರೆ' ಅನ್ನುವ ಭಯ. ಚಿಕ್ಕಮ್ಮನಿಗೂ ಅದಿತ್ತು. ಅಲ್ಲಿ ಆದದ್ದು ಇದಕ್ಕೆ ಉಲ್ಟಾ. ತೊಂದರೆ ಹೇಳಿಕೊಂಡವರು ಸರಾಸರಿ 8.2 ತಿಂಗಳು ಕೀಮೋ ತಡೆದುಕೊಂಡರು, ಮಾಮೂಲಿ ಗುಂಪಿನವರು 6.3 ತಿಂಗಳು. ವಾಂತಿಗೆ ಬೇಗ ಮಾತ್ರೆ ಸಿಕ್ಕಿದರೆ ಮುಂದಿನ ಡೋಸಿಗೆ ಶಕ್ತಿ ಉಳಿಯುತ್ತದೆ. ಎರಡನೆಯದು, 'ನಮ್ಮಮ್ಮನಿಗೆ ಮೊಬೈಲ್ ಬರಲ್ಲ' ಅನ್ನುವ ಮಾತು. ಆ 766 ಜನರಲ್ಲಿ 227 ಜನಕ್ಕೆ ಕಂಪ್ಯೂಟರ್ ಅಭ್ಯಾಸವೇ ಇರಲಿಲ್ಲ. ಅವರಲ್ಲಿ ತಿಳಿಸುವ ಗುಂಪಿಗೆ ಸೇರಿದವರು ಆಸ್ಪತ್ರೆಗೆ ಬಂದ ದಿನ ಮಾತ್ರ ಅಲ್ಲಿನ ಪರದೆಯ ಮೇಲೆ ಉತ್ತರ ಕೊಟ್ಟರು. ನೆಮ್ಮದಿಯಾಗಿರುವುದು, ಎಮರ್ಜೆನ್ಸಿಗೆ ಓಡುವುದು ತಪ್ಪುವುದು, ಇವುಗಳ ಲೆಕ್ಕದಲ್ಲಿ ಲಾಭ ಜಾಸ್ತಿ ಆದದ್ದು ಅವರಿಗೇ.

ಆದರೆ ಇದನ್ನೇ ಹಿಡಿದು 'ಆ್ಯಪ್ ಹಾಕಿಕೊಂಡರೆ ಆಯುಸ್ಸು ಹೆಚ್ಚುತ್ತೆ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದೇ ಬಾಶ್ ಆಮೇಲೆ ಅಮೆರಿಕದ 52 ಕ್ಯಾನ್ಸರ್ ಚಿಕಿತ್ಸಾ ಕೇಂದ್ರಗಳಲ್ಲಿ 1191 ಜನರ ಮೇಲೆ ಇನ್ನೂ ದೊಡ್ಡ ಅಧ್ಯಯನ ನಡೆಸಿದರು. ಅಲ್ಲಿ ಬದುಕಿನ ಗುಣಮಟ್ಟ ಸುಧಾರಿಸಿತು, ಎಮರ್ಜೆನ್ಸಿಗೆ ಓಡುವುದು ಮುಂದಕ್ಕೆ ಹೋಯಿತು. ಬದುಕಿದ ಅವಧಿಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ನನಗಂತೂ ಮೊದಲಿನ ಎರಡೇ ಸಾಕು. ರಾತ್ರಿ ಹನ್ನೊಂದಕ್ಕೆ ಬಾಡಿಗೆ ಕಾರು ಹುಡುಕುವುದು ಒಂದು ಸಲ ತಪ್ಪಿದರೂ ಅದು ಸಣ್ಣ ಲಾಭವಲ್ಲ.

ಆರಿಸುವ ಮೊದಲು ಕೇಳಬೇಕಾದ ಒಂದು ಪ್ರಶ್ನೆ

ಯಾವ ದಾರಿಯಾದರೂ ಸರಿ, ಮೊದಲು ಇದನ್ನು ಕೇಳಿ: 'ನಾವು ಕಳಿಸಿದ್ದನ್ನು ಆ ಕಡೆ ಯಾರು ನೋಡ್ತಾರೆ? ಎಷ್ಟು ಹೊತ್ತಿನಲ್ಲಿ ನೋಡ್ತಾರೆ?'

ನ್ಯೂಯಾರ್ಕಿನ ಅಧ್ಯಯನದಲ್ಲಿ ಎಚ್ಚರಿಕೆ ಬಂದಾಗ ನೂರಕ್ಕೆ 77 ಸಲ ನರ್ಸು ಏನಾದರೊಂದು ಕ್ರಮ ತೆಗೆದುಕೊಂಡಿದ್ದರು. ಫೋನಿನಲ್ಲಿ ಸಲಹೆ, ಔಷಧ ಬದಲು, ಆಸ್ಪತ್ರೆಗೆ ಬನ್ನಿ ಅನ್ನುವುದು. ಯೂರೋಪಿನ ಐದು ದೇಶಗಳಲ್ಲಿ 829 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಹಗಲು ರಾತ್ರಿ ಎಚ್ಚರಿಕೆ ನೋಡಲು ಸಿಬ್ಬಂದಿ ಇದ್ದರು. ಎಲ್ಲ ಕಡೆಯೂ ಕೆಲಸ ಮಾಡಿದ್ದು ಆ ಕಡೆ ಕೂತಿದ್ದ ಮನುಷ್ಯ. ಆ್ಯಪ್ ಬರೀ ಅಂಚೆಯವನು.

ಇದನ್ನು ನಾವು ಕಲಿತದ್ದು ಪೆಟ್ಟು ತಿಂದ ಮೇಲೆ. ಎರಡನೇ ಸೈಕಲ್ ಆದ ಮೇಲೆ ಒಂದು ಶನಿವಾರ ಸಂಜೆ ಚಿಕ್ಕಮ್ಮನಿಗೆ ಬೇಧಿ ಶುರುವಾಯಿತು. ಆಸ್ಪತ್ರೆಯವರು ಕೊಟ್ಟಿದ್ದ ನಂಬರಿಗೆ ನಮ್ಮ ತಮ್ಮ ವಾಟ್ಸಾಪ್ ಮಾಡಿದ. ಎರಡು ಟಿಕ್ ಬಂತು. 'ತಲುಪಿದೆ, ಫೋನ್ ಮಾಡ್ತಾರೆ ಬಿಡು' ಎಂದುಕೊಂಡು ಮನೆಯವರೆಲ್ಲ ಕಾದರು. ಭಾನುವಾರ ಕಳೆಯಿತು. ಟಿಕ್ ನೀಲಿಯಾದದ್ದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ. ಅಷ್ಟು ಹೊತ್ತಿಗೆ ಚಿಕ್ಕಮ್ಮ ಬೇರೆ ಕಡೆ ಅಡ್ಮಿಟ್ ಆಗಿ ಡ್ರಿಪ್ ಹಾಕಿಸಿಕೊಂಡಿದ್ದರು. ಆ ಸಿಸ್ಟರಿಗೆ ವಾರದ ರಜೆ, ಮೊಬೈಲು ಕೀಮೋ ಕೊಡುವ ಡೇ ಕೇರ್ ವಾರ್ಡಿನ ಡ್ರಾಯರಿನಲ್ಲಿತ್ತು. ಅವರ ತಪ್ಪು ಅನ್ನಲಾರೆ. ಮೆಸೇಜ್ ಕಳಿಸಿದ್ದೇವೆ ಎನ್ನುವ ಧೈರ್ಯದಲ್ಲಿ ನಾವು ಒಂದೂವರೆ ದಿನ ಸುಮ್ನೆ ಕೂತದ್ದು ನಮ್ಮ ತಪ್ಪು. ಮೆಸೇಜೇ ಕಳಿಸದಿದ್ದರೆ ಶನಿವಾರ ರಾತ್ರಿಯೇ ಹೊರಟುಬಿಡುತ್ತಿದ್ದೆವೇನೋ.

ಆಸ್ಪತ್ರೆಯದೇ ಆ್ಯಪ್ ಅಥವಾ ಲಿಂಕ್

ಆ ಕಡೆ ನೋಡುವವರು ಇದ್ದರೆ ಇದೇ ಎಲ್ಲಕ್ಕಿಂತ ಒಳ್ಳೆಯದು. ಯಾಕೆಂದರೆ ಅದು ಒಂದೊಂದಾಗಿ ಕೇಳುತ್ತದೆ. 'ಹೇಗಿದ್ದೀರಿ' ಎಂದು ಕೇಳಿದರೆ 'ಚೆನ್ನಾಗಿವ್ನಿ' ಅನ್ನುವವರು 'ಬಾಯಲ್ಲಿ ಹುಣ್ಣಾಗಿದೆಯಾ? ಊಟಕ್ಕೆ ತೊಂದರೆ ಆಗಿದೆಯಾ?' ಎಂದು ಕೇಳಿದರೆ ನಿಜ ಹೇಳುತ್ತಾರೆ. ಮುಖ ನೋಡಿ ಹೇಳಲು ಸಂಕೋಚವಾಗುವ ಎಷ್ಟೋ ವಿಷಯ ಪರದೆಯ ಮೇಲೆ ಸಲೀಸು. ಹೆಂಗಸರ ವಿಷಯದಲ್ಲಂತೂ ಇದು ದೊಡ್ಡದು. ಇನ್ನೊಂದು ಅನುಕೂಲ, ಹಿಂದಿನ ವಾರಕ್ಕೂ ಈ ವಾರಕ್ಕೂ ವ್ಯತ್ಯಾಸ ಡಾಕ್ಟರಿಗೆ ಒಂದೇ ನೋಟಕ್ಕೆ ಸಿಗುತ್ತದೆ.

ತೊಡಕು ಇರುವುದು ಭಾಷೆಯಲ್ಲಿ. ನಾನು ನೋಡಿದ ಒಂದು ಫಾರಂನಲ್ಲಿ ಕನ್ನಡ ಇತ್ತು, ಆದರೆ ಯಾವ ಊರಿನ ಕನ್ನಡವೋ ತಿಳಿಯಲಿಲ್ಲ. 'ಮಲಬದ್ಧತೆ' ಎಂದಿತ್ತು. ಚಿಕ್ಕಮ್ಮ ಹೇಳುವುದು 'ಎರಡು ದಿನದಿಂದ ಆಚೆಗೆ ಹೋಗಿಲ್ಲ' ಎಂದು. 'ವಾಕರಿಕೆ' ಎಂದಿತ್ತು. ಇವರಿಗೆ ಅದು 'ಹೊಟ್ಟೆ ತೊಳಸೋದು'. 'ಮರಗಟ್ಟುವಿಕೆ' ಎಂದು ಓದಿ ಹೇಳಿದರೆ 'ಅದೆಲ್ಲ ಇಲ್ಲ' ಅಂದರು. 'ಬೆರಳು ಜೋಮು ಹಿಡಿಯುತ್ತಾ?' ಎಂದು ಕೇಳಿದ ಮೇಲೆ ಮಾತು ಹೊರಬಂತು: ರವಿಕೆ ಹುಕ್ಕು ಹಾಕಲು ಆಗುತ್ತಿಲ್ಲ, ಮೊನ್ನೆ ಕಾಲಿಂದ ಚಪ್ಪಲಿ ಜಾರಿ ಬಿದ್ದದ್ದೇ ಗೊತ್ತಾಗಲಿಲ್ಲ. ಇದು ಸಣ್ಣ ಸುದ್ದಿಯಲ್ಲ. ಪ್ಯಾಕ್ಲಿಟಾಕ್ಸೆಲ್‌ನಂಥ ಕೀಮೋ ಔಷಧಗಳು ನರಕ್ಕೆ ಪೆಟ್ಟು ಕೊಡುತ್ತವೆ. ಬೇಗ ಗೊತ್ತಾದರೆ ಡೋಸ್ ಸರಿಮಾಡಬಹುದು, ತಡವಾದರೆ ಚಿಕಿತ್ಸೆ ಮುಗಿದ ಮೇಲೂ ಜೋಮು ಉಳಿದುಬಿಡಬಹುದು.

0ಯಿಂದ 4ರ ಅಂಕ ಅವರಿಗೆ ಅರ್ಥವಾಗಲು ಇನ್ನೊಂದು ದಾರಿ ಮಾಡಿಕೊಂಡೆವು. 'ಎಷ್ಟಾಣೆ ನೋವು?' ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ, ರೂಪಾಯಿ. ಇಲ್ಲವೇ ಇಲ್ಲ ಅಂದರೆ ಸೊನ್ನೆ. ಲೆಕ್ಕ ಸರಿಯಾಗಿ ಕೂತಿತು. ಹಳಬರಿಗೆ ಇದನ್ನು ಹೇಳಿ ನೋಡಿ, ತಟ್ಟನೆ ಉತ್ತರ ಬರುತ್ತದೆ. ಒಬ್ಬರ ಎಂಟಾಣೆ ಇನ್ನೊಬ್ಬರ ರೂಪಾಯಿ ಇರಬಹುದು, ಪರವಾಗಿಲ್ಲ. ಅವರದೇ ನಾಲ್ಕಾಣೆ ಹನ್ನೆರಡಾಣೆ ಆಯಿತಾ ಅನ್ನೋದು ಮುಖ್ಯ.

ಆ್ಯಪ್ ಒಪ್ಪಿಕೊಳ್ಳುವ ಮೊದಲು ಮನೆಯ ಸಿಗ್ನಲ್ಲೂ ನೋಡಿಕೊಳ್ಳಿ. ಕಬ್ಬಿನ ಗದ್ದೆ ನಡುವಿನ ಮನೆಯಲ್ಲಿ ತಾರಸಿ ಹತ್ತಿದರೆ ಮಾತ್ರ ನೆಟ್ ಬರುತ್ತದೆ ಅಂದರೆ, ಸುಸ್ತಾದ ರೋಗಿ ತಾರಸಿ ಹತ್ತುತ್ತಾರಾ? ನೆಟ್ ಇಲ್ಲದಾಗ ತುಂಬಿಟ್ಟು ಆಮೇಲೆ ತಾನಾಗಿ ಹೋಗುವ ಹಾಗೆ ಇದೆಯಾ ಎಂದು ವಿಚಾರಿಸಿ.

ಆಸ್ಪತ್ರೆಗೆ ಸಂಬಂಧವಿಲ್ಲದೆ ಪ್ಲೇ ಸ್ಟೋರಿನಲ್ಲಿ ಸಿಗುವ ಆರೋಗ್ಯದ ಆ್ಯಪ್‌ಗಳು ಬೇರೆ. ನೀವು ತುಂಬಿದ್ದು ನಿಮ್ಮ ಡಾಕ್ಟರಿಗೆ ಹೋಗುವುದಿಲ್ಲ. ಬಣ್ಣ ಬಣ್ಣದ ಡೈರಿ, ಅಷ್ಟೇ. ನಿಮ್ಮ ಮಾಹಿತಿ ಯಾರ ಕೈಗೆ ಹೋಗುತ್ತದೋ ಅದು ಇನ್ನೊಂದು ಚಿಂತೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆ ಇದೆ ನಿಜ. ಆದರೆ ಓದದೆ 'ಒಪ್ಪಿಗೆ' ಒತ್ತುವವರು ನಾವೇ ಅಲ್ವಾ? ಕ್ಯಾನ್ಸರಿನ ಮಟ್ಟಿಗೆ ನನಗೆ ಇವು ಬೇಡ.

ವಾಟ್ಸಾಪ್

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ದಾರಿ ಇದೇ. ಹೊಸದಾಗಿ ಏನೂ ಕಲಿಯಬೇಕಿಲ್ಲ. ಎರಡು ಕೆಲಸಕ್ಕೆ ಇದನ್ನು ಮೀರಿದ್ದಿಲ್ಲ. ಒಂದು, ಫೋಟೊ. ಮೈಮೇಲಿನ ಗುಳ್ಳೆ, ಔಷಧ ಕೊಡಲು ಕೈಗೆ ಹಾಕಿದ ನಳಿಕೆಯ (ಪಿಕ್ ಲೈನ್) ಸುತ್ತ ಕೆಂಪಾಗಿರುವುದು, ಅಂಗೈ ಚರ್ಮ ಸುಲಿದಿರುವುದು, ಇವನ್ನು ಮಾತಿನಲ್ಲಿ ಹೇಳುವುದಕ್ಕಿಂತ ತೋರಿಸುವುದು ವಾಸಿ. ಇನ್ನೊಂದು, ವಾಯ್ಸ್ ಮೆಸೇಜು. 'ಒಸಿ ಸಂಕಟ ಆಯ್ತದೆ, ಅನ್ನ ಕಂಡ್ರೆ ಆಗಕಿಲ್ಲ' ಎಂದು ಅವರ ಮಾತಿನಲ್ಲೇ ಹೇಳಿದರೆ ಮೈಸೂರಿನ ಸಿಸ್ಟರಿಗೆ ಪೂರಾ ಅರ್ಥವಾಗುತ್ತದೆ. ಯಾವ ಫಾರಂಗೂ ಅದು ಆಗುವುದಿಲ್ಲ.

ಆದರೆ ನಂಬರು ಯಾರದು? ಒಬ್ಬ ಸಿಸ್ಟರಿನ ಸ್ವಂತ ನಂಬರಾದರೆ ಅವರ ರಜೆ, ಅವರ ಶಿಫ್ಟು, ಅವರ ಮನೆಯ ಮದುವೆ, ಎಲ್ಲವೂ ನಿಮ್ಮ ಚಿಕಿತ್ಸೆಯೊಳಗೆ ಬರುತ್ತವೆ. ನಿಮ್ಮ ಮೆಸೇಜು ನೂರು 'ಶುಭೋದಯ'ಗಳ ಕೆಳಗೆ ಮುಳುಗಿಹೋಗುತ್ತದೆ. ಹಿಂದಿನ ತಿಂಗಳು ಏನಾಗಿತ್ತು ಎಂದು ಹುಡುಕಿ ತೆಗೆಯುವುದು ಡಾಕ್ಟರಿಗೆ ಆಗದ ಮಾತು. ನನ್ನ ಅಭಿಪ್ರಾಯ ಕೇಳಿದರೆ, ವಾಟ್ಸಾಪ್ ಫೋಟೊಗೆ ಇರಲಿ, ತೊಂದರೆ ತಿಳಿಸುವ ಮುಖ್ಯ ದಾರಿಯಾಗಿ ಬೇಡ. ಕಳಿಸಿದರೂ ಅರ್ಧ ಗಂಟೆಯಲ್ಲಿ ಉತ್ತರ ಬರದಿದ್ದರೆ ಫೋನು ಮಾಡಲೇಬೇಕು ಎಂದು ಮನೆಯಲ್ಲಿ ನಿಯಮ ಮಾಡಿಕೊಳ್ಳಿ. ಹಾಗೇ, ರಿಪೋರ್ಟುಗಳನ್ನು ಕುಟುಂಬದ ಗ್ರೂಪಿಗೆ ಹಾಕಬೇಡಿ. ನಾಟಿ ಔಷಧದ ಸಲಹೆಗಳು ಬರುವಷ್ಟು ಬೇಗ ಡಾಕ್ಟರ ಉತ್ತರ ಬರುವುದಿಲ್ಲ.

ಫೋನು: ಮನುಷ್ಯರದು, ಮಷೀನಿನದು

ಕೀಪ್ಯಾಡ್ ಮೊಬೈಲ್ ಇರುವ, ಓದಲು ಬಾರದ, ಒಬ್ಬರೇ ಇರುವ ವಯಸ್ಸಾದವರಿಗೆ ಫೋನೇ ಸರಿ. ಅದರಲ್ಲೂ ಆಸ್ಪತ್ರೆಯವರೇ ಗೊತ್ತಾದ ದಿನ ಕರೆ ಮಾಡುವ ಪದ್ಧತಿ ಇದ್ದರೆ ಬಿಡಬೇಡಿ. ಡಾಕ್ಟರ ಮುಂದೆ ಬಾಯಿ ಬಿಡದವರು ಸಿಸ್ಟರ ಹತ್ತಿರ ಅರ್ಧ ಗಂಟೆ ಮಾತಾಡುತ್ತಾರೆ. 'ಮಗಾ, ನೀನೇ ಮಾಡ್ತೀಯಲ್ಲ, ಬೇರೆಯವ್ರು ಬ್ಯಾಡ' ಎಂದು ಚಿಕ್ಕಮ್ಮನ ಪಕ್ಕದ ಹಾಸಿಗೆಯ ಅಜ್ಜಿಯೊಬ್ಬರು ಹೇಳಿದ್ದನ್ನು ಕೇಳಿದ್ದೇನೆ. ತೊಂದರೆ ಏನೆಂದರೆ, ಸಿಸ್ಟರಿಗೆ ಕೆಲಸ ಜಾಸ್ತಿ ಇದ್ದ ದಿನ ಕರೆ ತಪ್ಪುತ್ತದೆ. ಬಂದರೂ ಅವರು 'ಚೆನ್ನಾಗಿದ್ದೀರಾ' ಎಂದಷ್ಟೇ ಕೇಳಿದರೆ ಮತ್ತೆ ಅದೇ 'ಚೆನ್ನಾಗಿವ್ನಿ'. ಎಷ್ಟು ಸಲ ವಾಂತಿ, ಎಷ್ಟು ಸಲ ಬೇಧಿ, ಜ್ವರ ಎಷ್ಟು ಎಂದು ಎಣಿಸಿ ಕೇಳುವ ಸಿಸ್ಟರ್ ಸಿಕ್ಕರೆ ನಿಮ್ಮ ಅದೃಷ್ಟ.

ಮಷೀನು ಕರೆ ಮಾಡಿ 'ನೋವು ಇಲ್ಲದಿದ್ದರೆ ಸೊನ್ನೆ ಒತ್ತಿ' ಅನ್ನುವ ವ್ಯವಸ್ಥೆಯೂ ಇದೆ. ಆ 52 ಕೇಂದ್ರಗಳ ಅಧ್ಯಯನದಲ್ಲಿ ಇಂಟರ್ನೆಟ್ ಬೇಕೋ ಇಂಥ ಕರೆ ಬೇಕೋ ಎಂದು ರೋಗಿಗಳೇ ಆರಿಸಿಕೊಂಡಿದ್ದರು. ಓದು ಬೇಕಿಲ್ಲ, ಕನ್ನಡದಲ್ಲಿ ಧ್ವನಿ ಹಾಕಬಹುದು. ಆದರೆ ನಮ್ಮಲ್ಲಿ ಗೊತ್ತಿಲ್ಲದ ನಂಬರಿಂದ ಕರೆ ಬಂದು 'ಒಂದನ್ನು ಒತ್ತಿ' ಅಂದರೆ ತಕ್ಷಣ ಕಟ್ ಮಾಡಬೇಕು ಎಂದು ನಾವೇ ಹಿರಿಯರಿಗೆ ಹೇಳಿಕೊಟ್ಟಿದ್ದೇವೆ. ಸರಿಯಾಗೇ ಹೇಳಿಕೊಟ್ಟಿದ್ದೇವೆ, ಅಷ್ಟು ಮೋಸ ನಡೆಯುತ್ತಿದೆ. ಹಾಗಾಗಿ ಆಸ್ಪತ್ರೆಯ ಕರೆ ಯಾವ ನಂಬರಿಂದ ಬರುತ್ತದೆ ಎಂದು ಮೊದಲೇ ಕೇಳಿ, 'ಆಸ್ಪತ್ರೆ' ಎಂದು ಸೇವ್ ಮಾಡಿಕೊಡಿ. ಆ ಕರೆಯಲ್ಲಿ ಯಾರಾದರೂ ಒಟಿಪಿ ಅಥವಾ ದುಡ್ಡು ಕೇಳಿದರೆ ಅದು ಆಸ್ಪತ್ರೆಯ ಕರೆಯಲ್ಲ ಎಂದೂ ಹೇಳಿಕೊಡಿ.

ಕಾಗದ

ಇದನ್ನು ಹಳೇ ಕಾಲದ್ದು ಎಂದು ತಳ್ಳಬೇಡಿ. ಕೆನಡಾದ ಎಡ್ಮಂಟನ್ನಿನಲ್ಲಿ 1991ರಲ್ಲಿ ಶುರುವಾದ, ಒಂದೊಂದು ತೊಂದರೆಗೂ 0ಯಿಂದ 10ರವರೆಗೆ ಅಂಕ ಕೊಡುವ ಹಾಳೆಯನ್ನು ಉಪಶಮನ ಆರೈಕೆಯವರು, ಅಂದರೆ ನೋವು ಸಂಕಟ ಕಡಿಮೆ ಮಾಡಲು ನೋಡಿಕೊಳ್ಳುವವರು, ಈಗಲೂ ಜಗತ್ತಿನಾದ್ಯಂತ ಬಳಸುತ್ತಾರೆ.

ಕಾಗದದ ಕೊರತೆ ಒಂದೇ: ಅದು ಮನೆಯಲ್ಲೇ ಇರುತ್ತದೆ. ಮಧ್ಯರಾತ್ರಿ ಯಾರನ್ನೂ ಎಬ್ಬಿಸುವುದಿಲ್ಲ. ಆದರೆ ಮೂರು ವಾರ ಆದ ಮೇಲೆ ಡಾಕ್ಟರ ಮೇಜಿನ ಮೇಲೆ ಇಟ್ಟಾಗ ಅದರಷ್ಟು ಚೆನ್ನಾಗಿ ಮಾತಾಡುವುದು ಬೇರೊಂದಿಲ್ಲ. ಚಾರ್ಜ್ ಬೇಡ, ಪಾಸ್‌ವರ್ಡ್ ಬೇಡ.

ನೋಟ್‌ಬುಕ್ ತಂದುಕೊಟ್ಟೆ, ಚಿಕ್ಕಮ್ಮ ಮುಟ್ಟಲಿಲ್ಲ. ಆಮೇಲೆ ನೋಡಿದರೆ ಅಡುಗೆಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು. ಇಪ್ಪತ್ತು ವರ್ಷದಿಂದ ಡೈರಿಗೆ ಹಾಕಿದ ಹಾಲಿನ ಲೆಕ್ಕವನ್ನು ಅವರು ಅದರಲ್ಲೇ ಬರೆಯುತ್ತಾ ಬಂದಿದ್ದಾರೆ. ಪೆನ್ನು ದಾರದಲ್ಲಿ ನೇತಾಡುತ್ತಿರುತ್ತದೆ. ಅದೇ ತಾರೀಖಿನ ಮನೆಗಳಲ್ಲಿ, ಹಾಲಿನ ಅಂಕಿಯ ಕೆಳಗೆ, 'ವಾ 2' ಅಂದರೆ ಎರಡು ವಾಂತಿ, 'ಬೇ 5' ಅಂದರೆ ಐದು ಬೇಧಿ, 'ಮು' ಅಂದರೆ ಮುದ್ದೆ ಉಂಡದ್ದು, 'ಗಂ' ಅಂದರೆ ಗಂಜಿ ಮಾತ್ರ. ಜ್ವರ ನೋಡಿದ್ದರೆ ಅದರ ಅಂಕಿ. ಇಷ್ಟೇ. ಮುದ್ದೆ ಉಂಡರೋ ಇಲ್ಲವೋ ಅನ್ನೋದು ನಮ್ಮ ಕಡೆ ಹೊಟ್ಟೆಯ ಸ್ಥಿತಿ ಹೇಳುವ ಒಳ್ಳೆಯ ಅಳತೆ, ಹತ್ತು ಪ್ರಶ್ನೆ ಕೇಳಬೇಕಿಲ್ಲ.

ಸ್ಮಾರ್ಟ್ ಕೈಗಡಿಯಾರ, ಕೈಪಟ್ಟಿ ಮುಂತಾದವು ನಾಡಿ, ನಿದ್ದೆ, ಹೆಜ್ಜೆ ಎಣಿಸುತ್ತವೆ. ಬಾಯಿ ಹುಣ್ಣು ಅವಕ್ಕೆ ಗೊತ್ತಾಗುವುದಿಲ್ಲ. ಆ ದುಡ್ಡಿಗೆ ಒಳ್ಳೆಯ ಡಿಜಿಟಲ್ ಥರ್ಮಾಮೀಟರ್ ಎರಡು ತನ್ನಿ, ಒಂದು ಕೆಟ್ಟರೆ ಇನ್ನೊಂದು.

ಕಳಿಸಿ ಕಾಯಬಾರದ ಸುದ್ದಿ

ಕೆಲವು ತೊಂದರೆಗಳನ್ನು ಫಾರಂನಲ್ಲಿ ತುಂಬಿ ಕಾಯುವ ಹಾಗಿಲ್ಲ. ನೇರ ಫೋನು, ನೇರ ಆಸ್ಪತ್ರೆ.

ಜ್ವರ ಮೊದಲನೆಯದು. ಕೀಮೋ ಆದ ಸುಮಾರು 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ತೀರಾ ಇಳಿದಿರುವುದು ಸಾಮಾನ್ಯ. ಇದನ್ನೇ ವಾರ್ಡಿನಲ್ಲಿ 'ಕೌಂಟು ಬಿದ್ದಿದೆ' ಅನ್ನುವುದು. ಆಗ ಸೋಂಕು ಹಿಡಿದರೆ ಗಂಟೆಗಳಲ್ಲಿ ಕೈಮೀರಬಹುದು. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್, ಬಂದರೆ ಅಥವಾ ಚಳಿ ನಡುಕ ಬಂದರೆ ಹೊತ್ತು ನೋಡದೆ ಫೋನು ಮಾಡಿ ಹೊರಡಿ. ನಿಮ್ಮ ಡಾಕ್ಟರು ಬೇರೆ ಅಂಕಿ ಹೇಳಿದ್ದರೆ ಅದನ್ನೇ ಹಿಡಿಯಿರಿ. ಜ್ವರ ಅಳೆಯುವ ಮೊದಲೇ ಪ್ಯಾರಾಸಿಟಮಾಲ್ ನುಂಗಿಸಬೇಡಿ. ಜ್ವರ ಮುಚ್ಚಿಹೋಗುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. 'ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗೋಣ' ಅನ್ನುವ ಮಾತು ಇಲ್ಲಿ ಬೇಡ. ವಾಹನ ಸಿಗದಿದ್ದರೆ 108.

ಉಸಿರು ಕಟ್ಟುವುದು, ಎದೆ ನೋವು, ನಿಲ್ಲದ ರಕ್ತ, ನೀರು ಕೂಡ ನಿಲ್ಲದ ವಾಂತಿ, ಮಾತು ತೊದಲುವುದು, ಮಂಪರು, ಇವೂ ಹಾಗೆಯೇ. ಬೇಧಿ ಮಾಮೂಲಿಗಿಂತ ದಿನಕ್ಕೆ ನಾಲ್ಕು ಸಲ ಹೆಚ್ಚಾದರೆ ಆ ದಿನವೇ ಫೋನು. ಇಮ್ಯುನೊಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಔಷಧ) ತೆಗೆದುಕೊಳ್ಳುವವರಲ್ಲಿ ಬೇಧಿ, ಏದುಸಿರು ಕೆಲವು ಸಲ ತಿಂಗಳುಗಳಾದ ಮೇಲೂ ಬರಬಹುದು. ಅವರು ಮೆಡಿಕಲ್ ಶಾಪಿನ ಬೇಧಿ ಮಾತ್ರೆಯಲ್ಲಿ ಮುಗಿಸಬಾರದು, ಆಸ್ಪತ್ರೆಗೆ ತಿಳಿಸಲೇಬೇಕು.

ಮನೆ ನೋಡಿ ಆರಿಸಿ

ಮಂಡ್ಯ ಕಡೆಯವರು ಮೈಸೂರಿಗೂ ಹೋಗುತ್ತಾರೆ, ಬೆಂಗಳೂರಿನ ಕಿದ್ವಾಯಿಗೂ ಹೋಗುತ್ತಾರೆ. ದೂರ ಹೆಚ್ಚಿದಷ್ಟೂ ಬೇಗ ತಿಳಿಸುವುದು ಮುಖ್ಯವಾಗುತ್ತದೆ. ಮೈಸೂರಿನ ಕುವೆಂಪುನಗರದಲ್ಲಿ ಮನೆ ಇರುವವರು ಹತ್ತು ಗಂಟೆಗೆ ಯೋಚಿಸಿ ಹತ್ತೂವರೆಗೆ ಆಸ್ಪತ್ರೆಯಲ್ಲಿರಬಹುದು. ನಾಗಮಂಗಲದ ಒಳಗಿನ ಹಳ್ಳಿಯವರಿಗೆ ಆ ಭಾಗ್ಯವಿಲ್ಲ. ಅವರಿಗೆ ರಾತ್ರಿಯೂ ಎತ್ತುವ ಫೋನ್ ನಂಬರು ಎಲ್ಲ ಆ್ಯಪ್‌ಗಳಿಗಿಂತ ಮೇಲು.

ಮಗ ಬೆಂಗಳೂರಿನಲ್ಲಿ, ಅಮ್ಮ ಊರಿನಲ್ಲಿ, ಆ್ಯಪ್ ಮಗನ ಮೊಬೈಲಿನಲ್ಲಿ: ಇದು ಈಗ ಬಹಳ ಮನೆಗಳ ಕಥೆ. ಮಗ ಫೋನಿನಲ್ಲಿ ಕೇಳಿ ತುಂಬುತ್ತಾನೆ. ಆಗ ಹೋಗುವುದು ಅಮ್ಮನ ಉತ್ತರವಲ್ಲ, ಅಮ್ಮ ಮಗನಿಗೆ ಹೇಳಲು ಒಪ್ಪಿದ ಉತ್ತರ. 'ಪಾಪ, ಅವನಿಗೆ ಆಫೀಸಿದೆ' ಎಂದು ಅರ್ಧ ಮುಚ್ಚಿಡುತ್ತಾರೆ. ಜೊತೆಯಲ್ಲಿರುವವರು, ಸೊಸೆಯೋ ಮಗಳೋ ಮೊಮ್ಮಗನೋ, ಪಕ್ಕದಲ್ಲಿ ಕೂತು ತುಂಬುವುದು ಮೇಲು. ಪಿಯುಸಿ ಓದುವ ಮೊಮ್ಮಕ್ಕಳು ಇದಕ್ಕೆ ಒಳ್ಳೆಯ ಆಳು. ಅವರಿಗೆ ಬೇಜಾರಿಲ್ಲ, ಅಜ್ಜಿಗೆ ಸಂಕೋಚವಿಲ್ಲ.

ಇನ್ನೊಂದು ಮಾತು, ಯಾರೂ ಬಹಿರಂಗವಾಗಿ ಹೇಳುವುದಿಲ್ಲ. ಎಷ್ಟೋ ಮನೆಗಳಲ್ಲಿ ರೋಗಿಗೆ ಕಾಯಿಲೆಯ ಹೆಸರೇ ಹೇಳಿರುವುದಿಲ್ಲ. 'ಗೆಡ್ಡೆ, ಇಂಜೆಕ್ಷನ್ ಕೊಟ್ರೆ ಹೋಗುತ್ತೆ' ಎಂದಷ್ಟೇ. ಅಂಥ ಮನೆಯ ಮೊಬೈಲಿನಲ್ಲಿ 'ಕ್ಯಾನ್ಸರ್' ಎಂದು ಹೆಸರಿರುವ ಆ್ಯಪ್ ಟಿಣ್ ಅಂದರೆ? ಹೆಸರು ಮುಚ್ಚಿಡುವುದು ಸರಿ ಎಂದು ನಾನು ಹೇಳುತ್ತಿಲ್ಲ, ನನಗೆ ಅದು ಸರಿ ಕಾಣುವುದೂ ಇಲ್ಲ. ಆದರೆ ಆ ಮಾತು ಮನೆಯವರ ಬಾಯಿಂದ ಬರಬೇಕು, ನೋಟಿಫಿಕೇಶನ್ನಿನಿಂದಲ್ಲ. ಮೊದಲು ಡಾಕ್ಟರ ಜೊತೆ ಕೂತು ಆ ವಿಷಯ ಇತ್ಯರ್ಥ ಮಾಡಿಕೊಳ್ಳಿ, ಅಲ್ಲಿಯವರೆಗೆ ಸಿಸ್ಟರ ಫೋನು ಸಾಕು. ಮೊಬೈಲ್ ಇಡೀ ಮನೆಗೆ ಒಂದೇ ಇದ್ದು ಅತ್ತೆ, ಮಾವ, ಮಕ್ಕಳು ಎಲ್ಲ ನೋಡುವ ಹಾಗಿದ್ದರೂ ಇದೇ ಮಾತು.

ನಮ್ಮ ಮನೆಗೆ ಕೊನೆಗೆ ಒಗ್ಗಿದ್ದು ಎರಡರ ಜೋಡಿ. ದಿನದಿನದ್ದು ಕ್ಯಾಲೆಂಡರಿಗೆ. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಅದನ್ನು ನೋಡಿಕೊಂಡು ಡೇ ಕೇರಿನ ಸಿಸ್ಟರಿಗೆ ಫೋನು. ರಾತ್ರಿಗೆ ಕ್ಯಾಶುವಾಲಿಟಿಯ ಲ್ಯಾಂಡ್‌ಲೈನ್ ನಂಬರು, ಅದೇ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ. ಆ ನಂಬರಿಗೆ ಒಂದು ಸಲ ಸುಮ್ನೆ ರಾತ್ರಿ ಒಂಬತ್ತಕ್ಕೆ ಮಾಡಿ, ಎತ್ತುತ್ತಾರಾ ಎಂದು ನೋಡಿದ್ದೆ. ಎತ್ತಿದರು. ಸ್ವಲ್ಪ ಬೈದರು, ಆದರೆ ಎತ್ತಿದರು.

ನಾಲ್ಕನೇ ಸೈಕಲ್ಲಿಗೆ ಹೋದಾಗ ಡಾಕ್ಟರು ಮತ್ತೆ 'ಹೇಗಿದ್ದೀರಮ್ಮ?' ಅಂದರು. ಚಿಕ್ಕಮ್ಮ 'ಚೆನ್ನಾಗಿವ್ನಿ ಸಾ' ಎಂದು ಹೇಳುತ್ತಲೇ ಕ್ಯಾಲೆಂಡರಿನ ಹರಿದ ಹಾಳೆಯನ್ನು ಮೇಜಿನ ಮೇಲೆ ಇಟ್ಟರು. ಡಾಕ್ಟರು ಬೆರಳಿಟ್ಟು ಒಂದೊಂದೇ ಮನೆ ನೋಡಿದರು. ಐದನೇ ದಿನದಿಂದ ಎಂಟನೇ ದಿನದವರೆಗೆ 'ಗಂ, ಗಂ, ಗಂ, ಗಂ'. ವಾಂತಿ ಮಾತ್ರೆ ಬದಲಾಯಿಸಿದರು, ಬಾಯಿ ಮುಕ್ಕಳಿಸಲು ಬೇರೆ ಔಷಧ ಬರೆದರು. ಆಮೇಲೆ ಮೂಲೆಯಲ್ಲಿದ್ದ ಅಂಕಿಗಳನ್ನು ತೋರಿಸಿ, 'ಈ ಆರೂವರೆ, ಏಳು ಅಂದ್ರೆ ಏನಮ್ಮ?' ಎಂದು ಕೇಳಿದರು.

'ಅದು ಹಸಿಂದು ಸಾ' ಅಂದರು ಚಿಕ್ಕಮ್ಮ.